ಹಳೇ ಕಾರಿನ ದುರಸ್ತಿ, ಅದಕ್ಕೊಪ್ಪುವ ಟೈರು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕಾರನ್ನು ಮತ್ತೆ ರಸ್ತೆಗೆ ತರಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಇವೇ. ಕೆಲವನ್ನು ಎದುರಿಗೆ ಸಿಕ್ಕಾಗ ಕೇಳಿದ್ದಾರೆ, ಕೆಲವನ್ನು ಬರೆದು ಕೇಳಿದ್ದಾರೆ. ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಟೈರಿನ ಬಗ್ಗೆ ಜಾಸ್ತಿ ಇದೆ, ಅದು ಬೇಕೆಂದೇ. ಎಂಜಿನ್ನಿಗೆ, ಬಣ್ಣಕ್ಕೆ ತೋರುವ ಮುತುವರ್ಜಿಯ ಕಾಲುಭಾಗವನ್ನೂ ನಾವು ಟೈರಿಗೆ ತೋರುವುದಿಲ್ಲ. ಇಡೀ ಕಾರು ನೆಲ ಮುಟ್ಟುವುದು ಅಂಗೈಯಗಲದ ನಾಲ್ಕು ಜಾಗದಲ್ಲಿ ಮಾತ್ರ, ಅಲ್ವಾ?

## ಶುರು ಮಾಡುವ ಮುಂಚೆ

ನನ್ನ ಕಾರು 1962ರದ್ದು. ಇದನ್ನ ವಿಂಟೇಜ್ ಅನ್ನಬಹುದಾ?

ಮಾತಿನಲ್ಲಿ ಎಲ್ಲ ಹಳೇ ಕಾರಿಗೂ ವಿಂಟೇಜ್ ಅನ್ನುತ್ತೇವೆ, ತಪ್ಪೇನಿಲ್ಲ. ಆದರೆ ಬಲ್ಲವರ ಲೆಕ್ಕದಲ್ಲಿ ವಿಂಟೇಜ್ ಅಂದರೆ 1919ರಿಂದ 1930ರ ಕೊನೆಯವರೆಗೆ ತಯಾರಾದ ಕಾರು. ನಿಮ್ಮದು ಕ್ಲಾಸಿಕ್. ಈ ವ್ಯತ್ಯಾಸ ಹೆಸರಿಗೆ ಮಾತ್ರ ಅಲ್ಲ. 1920ರ ದಶಕದ ಕಾರಿನ ಚಕ್ರ, ಬ್ರೇಕು, ಬಾಡಿಯೊಳಗಿನ ಮರದ ಚೌಕಟ್ಟು ಎಲ್ಲವೂ ಬೇರೆ. ಅದಕ್ಕೆ ಸರಿಹೋಗುವ ಸಲಹೆ ನಿಮ್ಮ ಕಾರಿಗೆ ಹೊಂದದೆ ಇರಬಹುದು. ಯಾರನ್ನೇ ಏನೇ ಕೇಳುವಾಗಲೂ ಮೊದಲು ಇಸವಿ ಹೇಳಿ.

ಕಾರು ಇಪ್ಪತ್ತು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಹೊಸ ಬ್ಯಾಟರಿ ಹಾಕಿ ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ಲಾ?

ಬೇಡ. ನಿಂತಲ್ಲೇ ಉಳಿದ ಎಂಜಿನ್ನಿನಲ್ಲಿ ಸಿಲಿಂಡರ್ ಗೋಡೆಯ ಎಣ್ಣೆಯೆಲ್ಲ ಇಳಿದುಹೋಗಿರುತ್ತದೆ. ಪಿಸ್ಟನ್ ರಿಂಗು ತುಕ್ಕಿಗೆ ಅಂಟಿಕೊಂಡಿರಬಹುದು, ವಾಲ್ವ್ ಗೈಡಿನಲ್ಲಿ ಕಚ್ಚಿಕೊಂಡಿರಬಹುದು. ಸ್ಟಾರ್ಟರ್ ಮೋಟಾರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅದು ಬಲವಂತವಾಗಿ ತಿರುಗಿಸುತ್ತದೆ, ಏನೋ ಒಂದು ಬಾಗುತ್ತದೆ ಇಲ್ಲವೇ ಮುರಿಯುತ್ತದೆ.

ಮೊದಲು ಪ್ಲಗ್‌ಗಳನ್ನು ಬಿಚ್ಚಿ. ಒಂದೊಂದು ಸಿಲಿಂಡರಿಗೂ ಎರಡು ಚಮಚ ತೆಳು ಎಣ್ಣೆ ಬಿಟ್ಟು ಒಂದೆರಡು ದಿನ ಹಾಗೇ ಇರಲಿ. ಆಮೇಲೆ ಕೈಯಿಂದ ತಿರುಗಿಸಿ ನೋಡಿ. ಅಲ್ಲಾಡದಿದ್ದರೆ ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಸಲೀಸಾಗಿ ತಿರುಗಿತು ಅಂದರೆ ಹಳೇ ಆಯಿಲ್ ಇಳಿಸಿ ಹೊಸದು ತುಂಬಿ, ಪ್ಲಗ್ ಹಾಕದೆಯೇ ಸ್ಟಾರ್ಟರಿನಲ್ಲಿ ತಿರುಗಿಸಿ, ಆಯಿಲ್ ಪ್ರೆಷರ್ ಮುಳ್ಳು ಮೇಲೇಳುವುದನ್ನು ನೋಡಿಕೊಳ್ಳಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆಯಲೇಬೇಕು. ಅದು ಗೋಂದಿನ ಹಾಗೆ ಗಟ್ಟಿಯಾಗಿ ಕಾರ್ಬುರೇಟರಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಏರ್ ಫಿಲ್ಟರಿನಲ್ಲಿ, ಸೈಲೆನ್ಸರಿನಲ್ಲಿ ಇಲಿ ಗೂಡು ಕಟ್ಟಿದೆಯಾ ನೋಡಿ.

ಬ್ಯಾಟರಿ ಹಾಕುವ ಮುಂಚೆ ಇನ್ನೆರಡು ವಿಷಯ. ಕಾರು 6 ವೋಲ್ಟಿನದ್ದಾ, 12 ವೋಲ್ಟಿನದ್ದಾ? ಬಾಡಿಗೆ ಸೇರಿದ ತಂತಿ ಪ್ಲಸ್ಸಿನದ್ದಾ, ಮೈನಸ್ಸಿನದ್ದಾ? 1960ರ ದಶಕದವರೆಗೂ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ಸೇ ಬಾಡಿಗೆ ಸೇರುತ್ತಿತ್ತು.

ಕೆಲಸ ಎಲ್ಲಿಂದ ಶುರು ಮಾಡ್ಬೇಕು? ಎಲ್ಲಾ ಬಿಚ್ಚಿಬಿಡ್ಲಾ?

ಬಿಚ್ಚಲು ಎರಡು ವಾರ ಸಾಕು. ಜೋಡಿಸಲು ಎಷ್ಟೋ ವರ್ಷ. ಈ ಎರಡರ ನಡುವೆ ನಿಂತುಹೋದ ಕಾರುಗಳೇ ಲೋಕದಲ್ಲಿ ಜಾಸ್ತಿ. ಡಬ್ಬ ಡಬ್ಬಗಳಲ್ಲಿ ಕೈ ಬದಲಾಯಿಸುವ ಕಾರುಗಳೆಲ್ಲ ಹೀಗೇ ಆದವು. ಅದಕ್ಕೆ ನನ್ನ ಸಲಹೆ: ಒಂದು ಸಲಕ್ಕೆ ಒಂದು ಭಾಗ ಬಿಚ್ಚಿ, ಅದನ್ನು ಮುಗಿಸಿ, ಆಮೇಲೆ ಮುಂದಿನದಕ್ಕೆ ಕೈಹಾಕಿ.

ಬ್ರೇಕು, ಸ್ಟೀರಿಂಗು, ಚಕ್ರದ ಬೇರಿಂಗು ಮೊದಲು. ಕಾರು ಓಡುವ ಮುಂಚೆ ಅದಕ್ಕೆ ನಿಲ್ಲಲು ಬರಬೇಕು. ಆಮೇಲೆ ಎಂಜಿನ್, ಆಮೇಲೆ ವೈರಿಂಗು, ಬಾಡಿ ಮತ್ತು ಬಣ್ಣ ಕೊನೆಗೆ. ಇದಕ್ಕೆ ಒಂದೇ ಅಪವಾದ, ಭಾರ ಹೊರುವ ಜಾಗಕ್ಕೆ ಹಿಡಿದ ತುಕ್ಕು. ಚಾಸಿಸ್, ಬಾಗಿಲ ಕೆಳಗಿನ ಪಟ್ಟಿ, ಸ್ಪ್ರಿಂಗ್ ಕೂರುವ ಜಾಗ ಲಡ್ಡಾಗಿದ್ದರೆ ಬೇರೆಲ್ಲದಕ್ಕಿಂತ ಮುಂಚೆ ಅದನ್ನೇ ಸರಿಮಾಡಬೇಕು. ಆ ವೆಲ್ಡಿಂಗ್ ಮಾಡುವಾಗ ಬಾಡಿ ಬಾಗದಂತೆ ಒಳಗಡೆ ಅಡ್ಡಪಟ್ಟಿ ಕೊಟ್ಟು ಬಿಗಿಯಿರಿ. ಇಲ್ಲದಿದ್ದರೆ ಆಮೇಲೆ ಬಾಗಿಲು ಮುಚ್ಚುವುದೇ ಇಲ್ಲ.

ಏನನ್ನೇ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಬಿಚ್ಚುತ್ತಾ ತೆಗೆಯಿರಿ, ಬಿಚ್ಚಿದ ಮೇಲೂ ತೆಗೆಯಿರಿ. ನಟ್ಟು ಬೋಲ್ಟುಗಳನ್ನು ಚೀಟಿ ಅಂಟಿಸಿದ ಚೀಲಗಳಲ್ಲಿ ಇಡಿ. ಕೆಟ್ಟ ಭಾಗವನ್ನೂ ಎಸೆಯಬೇಡಿ, ಹೊಸದನ್ನು ಮಾಡಿಸಲು ಅದೇ ಮಾದರಿ. ಹಳೇ ಬ್ರಿಟಿಷ್ ಕಾರಾದರೆ ನಟ್ಟುಗಳ ಮರೆ ವಿಟ್‌ವರ್ತ್ ಅನ್ನುವ ಹಳೇ ಬ್ರಿಟಿಷ್ ಅಳತೆಯದ್ದಿರಬಹುದು, ಅದಕ್ಕೆ ಪಾನಾಗಳೇ ಬೇರೆ. ಹತ್ತಿರದ ಅಳತೆಯ ಪಾನಾ ಹಾಕಿ ಮೂಲೆ ಸವೆಸಬೇಡಿ.

ಆರೋಗ್ಯದ ಮಾತು ಒಂದಿದೆ. ಹಳೇ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಆ ಧೂಳನ್ನು ಗಾಳಿ ಬಿಟ್ಟು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ.

ಬಣ್ಣ ಮಂಕಾಗಿದೆ, ಸೀಟು ಹರಿದಿದೆ. ಎಲ್ಲಾ ಹೊಸದು ಮಾಡಿಸ್ಲಾ?

ಸ್ವಲ್ಪ ತಡೆಯಿರಿ. ಕಾರ್ಖಾನೆಯಲ್ಲಿ ಬಳಿದ ಬಣ್ಣ, ಅಲ್ಲೇ ಹೊಲಿದ ಸೀಟು ಒಂದು ಸಲ ಹೋದರೆ ಹೋಯಿತು, ಎಷ್ಟು ಖರ್ಚು ಮಾಡಿದರೂ ವಾಪಸ್ ಬರುವುದಿಲ್ಲ. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫೀವಾ ತನ್ನ ಟ್ಯೂರಿನ್ ಸನ್ನದಿನಲ್ಲಿ ಹೇಳುವುದೂ ಇದನ್ನೇ: ಇರುವುದನ್ನು ಉಳಿಸುವುದು ಮೊದಲು, ಹೊಸದಾಗಿ ಮಾಡುವುದು ಆಮೇಲೆ. ಒಂದು ಮೂಲೆಯನ್ನು ಮೆತ್ತಗೆ ತೊಳೆದು ಪಾಲಿಶ್ ಮಾಡಿ ನೋಡಿ. ಮಂಕು ಬಣ್ಣದ ಕೆಳಗೆ ಚೆಂದದ ಬಣ್ಣ ಎಷ್ಟೋ ಸಲ ಸಿಗುತ್ತದೆ. ತುಕ್ಕು ತಿಂದ ಜಾಗದ ಮಾತು ಬೇರೆ, ಅಲ್ಲಿ ಮುಲಾಜು ಬೇಡ.

ಈಗಿನ ಪೆಟ್ರೋಲ್, ಈಗಿನ ಆಯಿಲ್ ಹಾಕಿದ್ರೆ ಹಳೇ ಎಂಜಿನ್ನಿಗೆ ಏನಾದ್ರೂ ಆಗುತ್ತಾ?

ಈಗಿನ ಪೆಟ್ರೋಲಿನಲ್ಲಿ ಸೀಸ ಇಲ್ಲ. ಆದರೆ ಪೆಟ್ರೋಲಿಗೆ ಸೀಸ ಬೆರೆಸುವುದು ಶುರುವಾಗಿದ್ದೇ 1923ರಲ್ಲಿ. ಅದಕ್ಕೂ ಹಿಂದಿನ ಕಾರಿಗೆ ಸೀಸವಿಲ್ಲದ ಪೆಟ್ರೋಲ್ ಹೊಸದಲ್ಲ. ನಡುವಿನ ಕಾಲದ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಸೀಟು ಸವೆಯುವ ಭಯ ಇದೆ, ಅದೂ ಬಹಳ ಹೊತ್ತು ಜೋರಾಗಿ ಓಡಿಸಿದರೆ. ಹೇಗೂ ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಕೂರಿಸಿಬಿಡಿ. ನಿಜವಾದ ತೊಂದರೆ ಈಗಿನ ಪೆಟ್ರೋಲಿಗೆ ಬೆರೆಸುವ ಎಥನಾಲ್. ಅದು ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್‌ಗಳನ್ನು ಹಾಳುಮಾಡುತ್ತದೆ. ಎಥನಾಲ್ ತಡೆಯುವಂಥವನ್ನು ಹಾಕಿಸಿ. ಪೆಟ್ರೋಲ್ ಸೋರಿದರೆ ಬೆಂಕಿಯ ಅಪಾಯ, ಇದರಲ್ಲಿ ಉದಾಸೀನ ಬೇಡ.

ಗೇರ್ ಬಾಕ್ಸಿನಲ್ಲಿ ಹಿತ್ತಾಳೆ, ಕಂಚಿನ ಭಾಗಗಳಿದ್ದರೆ ಜಿಎಲ್-4 ದರ್ಜೆಯ ಎಣ್ಣೆಯನ್ನೇ ನೋಡಿ. ಜಿಎಲ್-5ರಲ್ಲಿ ಜಾಸ್ತಿ ಇರುವ ಗಂಧಕದ ಅಂಶ ಆ ಲೋಹಗಳನ್ನು ತಿನ್ನಬಹುದು.

## ಟೈರಿನ ಮೊದಲ ಪಾಠ

ಟೈರ್ ಮೊದಲೇ ತಗೊಂಡಿಡ್ಲಾ, ಕೊನೆಗೆ ನೋಡ್ಕೊಂಡ್ರೆ ಆಯ್ತಾ?

ಮೊದಲೇ ಗೊತ್ತುಮಾಡಿ, ಕೊನೆಗೆ ಕೊಳ್ಳಿ. ಇಷ್ಟೂ ಉತ್ತರಗಳಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೊದಲೇ ಗೊತ್ತುಮಾಡಬೇಕು, ಯಾಕೆಂದರೆ ಟೈರಿನ ಸೈಜು ರಿಮ್ಮಿಗೆ ಗಂಟು ಬಿದ್ದಿದೆ. ಆ ಸೈಜಿನ ಟೈರ್ ಸಿಗುತ್ತಾ, ಟ್ಯೂಬ್ ಬೇಕಾ, ಈಗಿರುವ ಚಕ್ರವೇ ಕಾರಿನ ಅಸಲಿ ಚಕ್ರವಾ ಅನ್ನುವುದೆಲ್ಲ ತಿಳಿಯದೆ ಚಕ್ರಕ್ಕೆ ಬಣ್ಣ ಹೊಡೆಸಿದರೆ, ಕಡ್ಡಿ (ಸ್ಪೋಕ್) ಬಿಗಿಸಿದರೆ ಆ ಕೆಲಸ ದಂಡವಾಗಬಹುದು. ಕೊನೆಗೆ ಕೊಳ್ಳಬೇಕು, ಯಾಕೆಂದರೆ ಟೈರಿನ ಆಯಸ್ಸು ತಯಾರಾದ ದಿನದಿಂದಲೇ ಕರಗುತ್ತಾ ಹೋಗುತ್ತದೆ, ಓಡಿದರೂ ಓಡದಿದ್ದರೂ. ನಾನು ನನ್ನ ಮೊದಲ ಕಾರಿಗೆ ಉತ್ಸಾಹದಲ್ಲಿ ಮೊದಲ ವರ್ಷವೇ ಐದು ಟೈರ್ ತಂದು ಜೋಡಿಸಿಟ್ಟೆ. ಕಾರು ರಸ್ತೆಗಿಳಿದಿದ್ದು ಏಳನೇ ವರ್ಷ. ಒಂದು ಕಿಲೋಮೀಟರೂ ಓಡದ ಆ ಟೈರುಗಳ ಪಕ್ಕೆಯಲ್ಲಿ ಅಷ್ಟೊತ್ತಿಗೆ ಕೂದಲೆಳೆಯಂಥ ಬಿರುಕು ಮೂಡಿತ್ತು. ಆ ನೋವು ಇನ್ನೂ ಮರೆತಿಲ್ಲ.

ಶೆಡ್ಡಿನೊಳಗೆ ಕಾರನ್ನು ಅತ್ತಿತ್ತ ತಳ್ಳಲು ಗಾಳಿ ನಿಲ್ಲುವ ಯಾವ ಹಳೇ ಟೈರಾದರೂ ಸಾಕು.

ಟೈರ್ ನೋಡೋಕೆ ಹೊಸದರ ಹಾಗೇ ಇದೆ, ಬಟನ್ ಸವೆದೇ ಇಲ್ಲ. ಯಾಕೆ ಬದಲಾಯಿಸ್ಬೇಕು?

ದಿನಾ ಓಡುವ ಕಾರಿನ ಟೈರು ಸವೆದು ಸಾಯುತ್ತದೆ. ಹಳೇ ಕಾರಿನ ಟೈರು ವಯಸ್ಸಾಗಿ ಸಾಯುತ್ತದೆ. ರಬ್ಬರ್ ಬಿರುಕು ಬಿಡದಂತೆ ಅದರೊಳಗೆ ಒಂದು ಬಗೆಯ ಮೇಣ ಸೇರಿಸಿರುತ್ತಾರೆ. ಟೈರು ಉರುಳುತ್ತಾ ಬಾಗಿ ಏಳುತ್ತಾ ಇದ್ದರೆ ಆ ಮೇಣ ಮೇಲೆ ಬಂದು ಕಾಪಾಡುತ್ತದೆ. ನಿಂತೇ ಇರುವ ಟೈರಿಗೆ ಆ ಭಾಗ್ಯ ಇಲ್ಲ. ರಬ್ಬರ್ ಗಟ್ಟಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಹೋಗುತ್ತದೆ, ಒಳಗಿನ ಪದರಗಳು ಒಂದಕ್ಕೊಂದು ಬಿಡತೊಡಗುತ್ತವೆ. ಇದ್ಯಾವುದೂ ಹೊರಗಿನಿಂದ ಕಾಣುವುದಿಲ್ಲ.

ಪಕ್ಕೆಯ ಮೇಲೆ ಡಿಒಟಿ ಅಂತ ಶುರುವಾಗುವ ಸಾಲು ಇದ್ದರೆ ಅದರ ಕೊನೆಯ ನಾಲ್ಕು ಅಂಕಿ ನೋಡಿ. 2318 ಅಂದರೆ 2018ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದ್ದು, ಎರಡನೇ ಮಾತಿಲ್ಲದೆ ತೆಗೆಯಿರಿ. ಐದಾರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ, ಹತ್ತು ವರ್ಷ ಆಯಿತು ಅಂದರೆ ಬದಲಾಯಿಸಿ.

5.60-15 ಅಂತ ಬರೆದಿದೆ. ಅಂಗಡಿಯಲ್ಲಿ ಹಾಗಂದ್ರೆ ಏನು ಅಂತಾರೆ. ಈಗಿನ ಲೆಕ್ಕದಲ್ಲಿ ಹೇಗೆ ಹೇಳೋದು?

ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ಈಗಿನ 165/80 ಆರ್ 15 ಅನ್ನುವುದರಲ್ಲಿ ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 80 ಭಾಗ, ಆರ್ ಅಂದರೆ ರೇಡಿಯಲ್ ಬಗೆಯ ಟೈರು (ಅದನ್ನು ಮುಂದೆ ಹೇಳಿದ್ದೇನೆ), ರಿಮ್ಮು ಇಂಚಿನಲ್ಲೇ. ಹಳೇ ಸೈಜಿನಲ್ಲಿ ಎತ್ತರದ ಅಂಕಿ ಇಲ್ಲ. 1920, 30ರ ದಶಕದ ಟೈರುಗಳಲ್ಲಿ ಎತ್ತರ ಹೆಚ್ಚುಕಮ್ಮಿ ಅಗಲದಷ್ಟೇ ಇತ್ತು. ಅದಕ್ಕೇ 4.50-21 ಟೈರಿನ ಒಟ್ಟು ಎತ್ತರ ಸುಮಾರು 21 ಕೂಡಿಸು 9, ಅಂದರೆ 30 ಇಂಚು. ಎತ್ತರ ಬರೆಯದ 165 ಆರ್ 15 ಥರದ ಹಳೇ ರೇಡಿಯಲ್‌ಗಳಲ್ಲಿ ಅದು ಅಗಲದ ನೂರಕ್ಕೆ 80 ಭಾಗದ ಆಸುಪಾಸು ಇರುತ್ತದೆ.

ಬೀಟಲ್ ಕಾರಿನ 5.60-15ಕ್ಕೆ ಬದಲಾಗಿ 165 ಆರ್ 15 ಹಾಕುವುದು ಬಹಳ ಕಾಲದಿಂದ ನಡೆದುಬಂದಿದೆ. ಇಲ್ಲಿ ಜನ ಮಾಡುವ ತಪ್ಪು ಒಂದು. 165 ಸಿಕ್ಕಿತು, 15 ಸಿಕ್ಕಿತು ಅಂತ 165/65 ಆರ್ 15 ತರುತ್ತಾರೆ. ಲೆಕ್ಕ ಹಾಕಿ ನೋಡಿ. 165/80ರ ಒಟ್ಟು ಎತ್ತರ 645 ಮಿ.ಮೀ., 165/65ರದ್ದು 595ರ ಹತ್ತಿರ. ಕಾರು ಎರಡೂವರೆ ಸೆಂಟಿಮೀಟರ್ ಕುಸಿಯುತ್ತದೆ, ಎಂಜಿನ್ ಜಾಸ್ತಿ ತಿರುಗುತ್ತದೆ, ನಿಜವಾದ ವೇಗ 60 ಇದ್ದಾಗ ಮೀಟರು 65 ತೋರಿಸುತ್ತದೆ. ನೋಡಲಿಕ್ಕೂ ಆನೆಗೆ ಮೇಕೆ ಕಾಲು ಅಂಟಿಸಿದ ಹಾಗೆ.

ಸೈಜ್ ಹೊಂದಿದರೆ ಸಾಲದು, ಭಾರ ಮತ್ತು ವೇಗದ ಗುರುತನ್ನೂ ನೋಡಿ. 82 ಅಂದರೆ ಒಂದು ಟೈರು 475 ಕಿಲೋ ಹೊರಬಲ್ಲದು, 91 ಅಂದರೆ 615 ಕಿಲೋ. ಪಿ ಅಂದರೆ ಗಂಟೆಗೆ 150 ಕಿ.ಮೀ., ಎಸ್ ಅಂದರೆ 180.

ಹಳೇ ಟೈರಿನಲ್ಲಿ ಅಕ್ಷರ ಎಲ್ಲಾ ಅಳಿಸಿಹೋಗಿದೆ. ಸೈಜ್ ಕಂಡುಹಿಡಿಯೋದು ಹೇಗೆ?

ಅಕ್ಷರ ಇದ್ದರೂ ಅದನ್ನೇ ನಂಬಬೇಡಿ. ಹಿಂದಿನ ಮಾಲೀಕರು ಕೈಗೆ ಸಿಕ್ಕಿದ್ದನ್ನು ಹಾಕಿರಬಹುದು. ರಿಮ್ಮನ್ನು ಕೇಳಿ. ಟೈರ್ ಬಿಚ್ಚಿ, ರಿಮ್ಮಿನಲ್ಲಿ ಟೈರಿನ ಬೀಡ್, ಅಂದರೆ ಅದರ ಗಟ್ಟಿಯಾದ ಒಳ ಅಂಚು, ಕೂರುವ ಮೆಟ್ಟಿಲಿನ ವ್ಯಾಸ ಅಳೆಯಿರಿ. ಹೊರಗಿನ ಅಂಚಿನಿಂದ ಅಂಚಿಗೆ ಅಳೆದರೆ ಲೆಕ್ಕ ತಪ್ಪುತ್ತದೆ. ಅಗಲವನ್ನೂ ಎರಡು ಅಂಚುಗಳ ಒಳಗಿನಿಂದ ಅಳೆಯಿರಿ. ಆಮೇಲೆ ಆ ಕಾರಿನ ಕೈಪಿಡಿಯ ಜೊತೆ ತಾಳೆ ನೋಡಿ.

ಅಳತೆ ಇಂಚಿನ ಪೂರ್ಣ ಅಂಕಿಗೆ ಬಾರದಿದ್ದರೆ ಎಚ್ಚರ. ಮಿಶೆಲಿನ್ ಕಂಪನಿ ಮಿಲಿಮೀಟರ್ ರಿಮ್ಮುಗಳನ್ನೂ ತಂದಿತ್ತು. ಮೊದಮೊದಲ ಸಿಟ್ರೊಯೆನ್ ಡಿಎಸ್ ಕಾರುಗಳ ರಿಮ್ಮು 400 ಮಿ.ಮೀ., ಅಂದರೆ 15.75 ಇಂಚು. ಅದಕ್ಕೆ 15 ಇಂಚಿನ ಟೈರೂ ಹೊಂದುವುದಿಲ್ಲ, 16 ಇಂಚಿನದೂ ಹೊಂದುವುದಿಲ್ಲ. 16 ಇಂಚಿನದ್ದು ಹೇಗೋ ಒಳಗೆ ಹೋಗುತ್ತದೆ, ಆದರೆ ಬೀಡ್ ಗಟ್ಟಿಯಾಗಿ ಕೂರುವುದಿಲ್ಲ, ಓಡುವಾಗ ಕಳಚಿಕೊಳ್ಳಬಹುದು. 400ರ ಟೈರನ್ನು 16 ಇಂಚಿನ ರಿಮ್ಮಿಗೆ ಗಾಳಿಯ ಒತ್ತಡದಲ್ಲಿ ಕೂರಿಸಲು ಹೋದರಂತೂ ಬೀಡ್ ಹರಿದು ಸಿಡಿಯಬಹುದು. 1970ರ ದಶಕದಲ್ಲಿ ಬಂದ ಟಿಆರ್‌ಎಕ್ಸ್ ಚಕ್ರಗಳಿಗೂ ಇದೇ ಮಾತು. ಅಲ್ಲಿ 390 ಮಿ.ಮೀ. ಥರದ ಅಳತೆಗಳಿವೆ.

## ಯಾವ ಬಗೆಯ ಟೈರು

ರೇಡಿಯಲ್ ಹಾಕಿದ್ರೆ ಚೆನ್ನಾಗಿ ಓಡುತ್ತೆ ಅಂತಾರೆ. ಹಾಕ್ಬಹುದಾ?

ಕಾರು ಯಾವ ಕಾಲದ್ದು ಅನ್ನುವುದರ ಮೇಲಿದೆ. ಮಿಶೆಲಿನ್ ರೇಡಿಯಲ್ ಟೈರಿಗೆ ಹಕ್ಕುಪತ್ರ ಪಡೆದಿದ್ದು 1946ರಲ್ಲಿ, ಮಾರಾಟಕ್ಕೆ ತಂದಿದ್ದು 1949ರಲ್ಲಿ. ಅದಕ್ಕೂ ಮುಂಚಿನ ಕಾರುಗಳೆಲ್ಲ ಕ್ರಾಸ್‌ಪ್ಲೈ ಟೈರಿಗೆಂದೇ ಹುಟ್ಟಿದವು.

ಕ್ರಾಸ್‌ಪ್ಲೈನಲ್ಲಿ ದಾರದ ಪದರಗಳು ಒಂದನ್ನೊಂದು ಓರೆಯಾಗಿ ದಾಟುತ್ತವೆ. ಪಕ್ಕೆ, ತಲೆ (ನೆಲ ಮುಟ್ಟುವ ಭಾಗ) ಎರಡೂ ಒಂದೇ ಗಟ್ಟಿತನದವು. ರೇಡಿಯಲ್‌ನಲ್ಲಿ ದಾರಗಳು ಬೀಡಿನಿಂದ ಬೀಡಿಗೆ ನೇರ ಹೋಗುತ್ತವೆ, ತಲೆಯ ಕೆಳಗೆ ಬೇರೆಯೇ ಪಟ್ಟಿ ಸುತ್ತಿರುತ್ತದೆ. ಪಕ್ಕೆ ಮೆತ್ತಗೆ, ತಲೆ ಗಟ್ಟಿ. ಅದಕ್ಕೇ ತಿರುವಿನಲ್ಲಿ ರೇಡಿಯಲ್ ನೆಲವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೇಳಲು ಚೆನ್ನ. ಆದರೆ ಆ ಹಿಡಿತದ ಸೆಳೆತವೆಲ್ಲ ಹೋಗುವುದು ರಿಮ್ಮಿಗೆ, ಕಡ್ಡಿಗೆ, ಹಬ್ಬಿಗೆ, ಸ್ಟೀರಿಂಗಿನ ಕೀಲುಗಳಿಗೆ. 1920ರ ದಶಕದ ಚಕ್ರವನ್ನು ಅಷ್ಟು ಸೆಳೆತಕ್ಕೆ ಮಾಡಿರಲಿಲ್ಲ. ರಿಮ್ಮು ಬಿರಿಯುವುದು, ಕಡ್ಡಿ ಮುರಿಯುವುದು ಇದರಿಂದಲೇ.

ಇನ್ನೊಂದು ಇದೆ, ನನಗೆ ಇದು ಬಹಳ ಮುಖ್ಯ. ಕ್ರಾಸ್‌ಪ್ಲೈ ಜಾರುವ ಮುಂಚೆ ಹೇಳಿ ಜಾರುತ್ತದೆ. ನಿಧಾನವಾಗಿ ಬಿಡುತ್ತಾ ಬರುತ್ತದೆ, ಸ್ಟೀರಿಂಗ್ ಹಿಡಿದ ಕೈಗೆ ಅದು ತಿಳಿಯುತ್ತದೆ. ಹಳೇ ಕಾರಿನ ಚೆಲುವು ಇರುವುದೇ ಆ ಮಾತುಕತೆಯಲ್ಲಿ. ಹೌದು, ಕ್ರಾಸ್‌ಪ್ಲೈ ರಸ್ತೆಯ ಗೆರೆ, ಏಣುಗಳ ಜೊತೆ ಎಳೆದಾಡುತ್ತದೆ. ಒಂದೆರಡು ತಿಂಗಳಲ್ಲಿ ಕೈ ಪಳಗುತ್ತದೆ.

1960ರ ದಶಕದ ಕಾರಾದರೆ, ಆಗಲೇ ಅದಕ್ಕೆ ರೇಡಿಯಲ್ ಕೊಡುತ್ತಿದ್ದರಾದರೆ, ಧಾರಾಳವಾಗಿ ಹಾಕಿ. 50ರ ದಶಕದ್ದಾದರೆ ಚಕ್ರ ಗಟ್ಟಿ ಇದೆಯಾ ಪರೀಕ್ಷಿಸಿ, ಕೈಪಿಡಿಯನ್ನೂ ಅದೇ ಕಾರು ಇರುವವರನ್ನೂ ಕೇಳಿ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಾರಿಗೆ ನಾನು ಕ್ರಾಸ್‌ಪ್ಲೈ ಬಿಟ್ಟು ಬೇರೆ ಹಾಕುವುದಿಲ್ಲ.

ಎರಡೇ ರೇಡಿಯಲ್ ಇದೆ. ಮುಂದಕ್ಕೆ ಹಾಕಿ ಹಿಂದಕ್ಕೆ ಹಳೇ ಕ್ರಾಸ್‌ಪ್ಲೈ ಬಿಟ್ರೆ ನಡೆಯುತ್ತಾ?

ಖಂಡಿತ ಬೇಡ. ತಿರುವಿನಲ್ಲಿ ಮುಂದಿನ ರೇಡಿಯಲ್ ಹಿಡಿದುಕೊಳ್ಳುತ್ತದೆ, ಹಿಂದಿನದ್ದು ಜಾರುತ್ತದೆ, ಕಾರು ಸರ್ರನೆ ತಿರುಗಿ ನಿಲ್ಲುತ್ತದೆ. ಒಂದೇ ಆಕ್ಸಲಿನಲ್ಲಿ ಒಂದು ಅದು, ಒಂದು ಇದು ಅಂತೂ ಆಗಲೇ ಆಗದು. ನಾಲ್ಕೂ ಒಂದೇ ಜಾತಿಯದ್ದಿರಲಿ.

ಕಡ್ಡಿ ಚಕ್ರಕ್ಕೆ ಟ್ಯೂಬ್‌ಲೆಸ್ ಟೈರ್ ಹಾಕ್ಬಹುದಾ?

ಟೈರ್ ಹಾಕಬಹುದು, ಆದರೆ ಒಳಗೆ ಟ್ಯೂಬ್ ಇರಲೇಬೇಕು. ಕಡ್ಡಿಯ ತೂತುಗಳಿಂದ ಗಾಳಿ ಹೋಗುತ್ತದೆ. ಜೊತೆಗೆ ಈಗಿನ ರಿಮ್ಮಿನಲ್ಲಿ ಬೀಡ್ ಒಳಕ್ಕೆ ಜಾರದಂತೆ ಒಂದು ಸಣ್ಣ ಏಣು ಇರುತ್ತದೆ, ಹಳೇ ರಿಮ್ಮಿನಲ್ಲಿ ಅದಿಲ್ಲ. ಕಡ್ಡಿಯ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿನ ಸುತ್ತ ರಬ್ಬರ್ ಪಟ್ಟಿ ಹಾಕಿ.

ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈಗೆ ಕೈಯಾಡಿಸಿ ನೋಡಿ. ಒಳಗೆ ಅಂಟಿಸಿದ ಕಾಗದದ ಚೀಟಿ, ಸಣ್ಣ ಗೆರೆಗಳು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತವೆ. ನನ್ನ ಸ್ನೇಹಿತರೊಬ್ಬರ ಕಾರಿನಲ್ಲಿ ಮೂರು ಸಲ ಪಂಕ್ಚರ್ ಆಯಿತು, ಮೊಳೆ ಒಂದೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಬೆರಳಗಲದ ಒಂದು ಚೀಟಿ. ಅದನ್ನು ಕೆರೆದು, ಟಾಲ್ಕ್ ಪುಡಿ ಉದುರಿಸಿ, ಹೊಸ ಟ್ಯೂಬ್ ಹಾಕಿದೆವು. ಆಮೇಲೆ ತೊಂದರೆ ಇಲ್ಲ. ಟ್ಯೂಬಿನ ವಾಲ್ವೂ ರಿಮ್ಮಿನ ತೂತಿಗೆ ಸರಿಹೊಂದಬೇಕು. ಸಾಮಾನ್ಯವಾಗಿ ಸಿಗುವ ತೂತುಗಳು ಎರಡು ಬಗೆ, ಸುಮಾರು 11.5 ಮಿ.ಮೀ. ಮತ್ತು 16 ಮಿ.ಮೀ.

ನನ್ನ ಸೈಜ್ ಎಲ್ಲೂ ಸಿಗ್ತಾ ಇಲ್ಲ. ಟ್ರ್ಯಾಕ್ಟರಿನ ಮುಂದಿನ ಟೈರ್ ಅದೇ ಸೈಜು, ಹಾಕ್ಲಾ?

6.00-16 ಅಂತ ಎರಡರ ಮೇಲೂ ಇರಬಹುದು, ಆದರೂ ಬೇಡ. ಟ್ರ್ಯಾಕ್ಟರಿನ ಟೈರಿನ ಮೇಲೆ ಎ8 ಅಂತ ಇದ್ದರೆ ಅದು ಗಂಟೆಗೆ 40 ಕಿ.ಮೀ.ಗಷ್ಟೇ ಮಾಡಿದ್ದು. ಅದಕ್ಕಿಂತ ಜೋರಾಗಿ ಓಡಿಸಿದರೆ ಬಿಸಿಯಾಗಿ ಪದರ ಬಿಡುತ್ತದೆ. ಬೈಕಿನ ಟೈರನ್ನು ಕಾರಿಗೆ ಹಾಕುವುದೂ ಹಾಗೇ. ಬೈಕು ವಾಲುತ್ತದೆ, ಕಾರು ವಾಲುವುದಿಲ್ಲ. ಬೈಕಿನ ಟೈರಿಗೆ ಪಕ್ಕದಿಂದ ಬರುವ ಎಳೆತ ತಡೆದು ಅಭ್ಯಾಸ ಇಲ್ಲ.

ಹಳೇ ಸೈಜುಗಳು ಪೂರ್ತಿ ಸತ್ತಿಲ್ಲ, ಇದು ಸಮಾಧಾನದ ಸಂಗತಿ. ಮಿಶೆಲಿನ್, ಪಿರೆಲ್ಲಿ ತಮ್ಮ ಹಳೇ ಮಾದರಿಗಳಲ್ಲಿ ಕೆಲವನ್ನು ಈಗಲೂ ತಯಾರಿಸುತ್ತವೆ. ಅಮೆರಿಕದ ಕೋಕರ್, ಬ್ರಿಟನ್ನಿನ ಬ್ಲಾಕ್ಲಿ ಇರುವುದೇ ಇಂಥ ಟೈರಿಗೆ. ಫೈರ್‌ಸ್ಟೋನ್ ಹೆಸರಿನ ಹಳೇ ಮಾದರಿಗಳನ್ನೂ ಕೋಕರ್ ಮಾಡಿಸುತ್ತದೆ. ಇವು ಕಂತು ಕಂತಾಗಿ ತಯಾರಾಗುತ್ತವೆ, ಬೇಕೆಂದ ದಿನ ಸಿಗುವುದಿಲ್ಲ. ಅದೇ ಸೈಜು ಬೇಕಾದ ನಾಲ್ಕು ಜನ ಸೇರಿ ತರಿಸಿದರೆ ಸಾಗಣೆಯೂ ಹಗುರ. ಕೊಳ್ಳುವ ಮುಂಚೆ ತಯಾರಾದ ವಾರ, ವರ್ಷವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಗೋದಾಮಿನಲ್ಲಿ ಕೂತ ಟೈರಿಗೂ ವಯಸ್ಸಾಗುತ್ತದೆ.

ಯಾವ ದಾರಿಯೂ ಇಲ್ಲ ಅಂದಾಗ ಮಾತ್ರ ಬೇರೆ ಅಳತೆಯ ಚಕ್ರ ಮಾಡಿಸಿ. ಅಸಲಿ ಚಕ್ರಗಳನ್ನು ಎಣ್ಣೆ ಹಚ್ಚಿ ಜೋಪಾನವಾಗಿ ಎತ್ತಿಡಿ, ಮುಂದಿನವರಿಗೆ ಬೇಕಾಗುತ್ತದೆ.

## ಇನ್ನಷ್ಟು ಆಳಕ್ಕೆ

1915ರ ಫೋರ್ಡ್ ಮಾಡೆಲ್ ಟಿ. ಅದರ 30×3½ ಟೈರಿಗೆ 55 ಪಿಎಸ್ಐ ಗಾಳಿ ಹಾಕು ಅಂತಾರೆ. ಅಷ್ಟೊಂದಾ?

ಹೌದು, ಅಷ್ಟು ಬೇಕು. 30 ಅಂದರೆ ಟೈರಿನ ಹೊರ ವ್ಯಾಸ, 3½ ಅಗಲ. ರಿಮ್ಮು 23 ಇಂಚು. ಈಗಿನ ಟೈರಿನ ಬೀಡಿನೊಳಗೆ ಉಕ್ಕಿನ ತಂತಿ ಇರುತ್ತದೆ, ಅದು ಹಿಗ್ಗುವುದಿಲ್ಲ. ಆ ಕಾಲದ ಕೊಕ್ಕೆ ಅಂಚಿನ ಟೈರು ರಿಮ್ಮಿನ ಬಾಗಿದ ತುಟಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಅದನ್ನು ಅಲ್ಲಿ ಒತ್ತಿ ಹಿಡಿದಿರುವುದು ಒಳಗಿನ ಗಾಳಿ ಮಾತ್ರ. ಗಾಳಿ ಕಮ್ಮಿಯಾದರೆ ಟೈರು ರಿಮ್ಮಿನ ಮೇಲೆ ಸುತ್ತುತ್ತದೆ, ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ, ಟೈರೇ ಕಳಚಿ ಬೀಳಬಹುದು. ಪ್ರತಿ ಸವಾರಿಗೂ ಮುಂಚೆ ಗಾಳಿ ನೋಡಿ. ರಿಮ್ಮಿನ ತುಟಿಯನ್ನು ತುಕ್ಕು ತಿಂದು ತೆಳ್ಳಗಾಗಿದ್ದರೆ ಆ ಚಕ್ರವನ್ನು ಗೋಡೆಗೆ ತೂಗುಹಾಕಿ, ಕಾರಿಗೆ ಬೇಡ.

ಉಳಿದ ಕಾರಿಗೆ ಎಷ್ಟು ಗಾಳಿ? ಕೈಪಿಡಿಯಲ್ಲಿ 22 ಅಂತಿದೆ, ನಾನು ರೇಡಿಯಲ್ ಹಾಕಿದೀನಿ.

ಆ 22 ಕ್ರಾಸ್‌ಪ್ಲೈನ ಲೆಕ್ಕ. ರೇಡಿಯಲ್‌ಗೆ ಮೂರು ನಾಲ್ಕು ಪಿಎಸ್ಐ ಜಾಸ್ತಿಯಿಂದ ಶುರು ಮಾಡಿ. ಮುಂದೆ ಹಿಂದೆ ಕೈಪಿಡಿಯಲ್ಲಿ ಇರುವ ವ್ಯತ್ಯಾಸವನ್ನು ಹಾಗೇ ಇಟ್ಟುಕೊಳ್ಳಿ. ಟೈರಿನ ತಲೆಯ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು, ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಎರಡು ಪಕ್ಕ ಮಾತ್ರ ಅಳಿಸಿದ್ದರೆ ಕಮ್ಮಿ. ಅಳೆಯುವುದು ಟೈರ್ ತಣ್ಣಗಿದ್ದಾಗ.

ಟೈರ್ ನಾನೇ ರಿಮ್ಮಿಗೆ ಹಾಕ್ಬಹುದಾ?

ಸಾಮಾನ್ಯ ರಿಮ್ಮಾದರೆ ಹಾಕಬಹುದು, ಬಲಕ್ಕಿಂತ ಉಪಾಯ ಬೇಕು. ಒಂದು ಕಡೆಯ ಬೀಡನ್ನು ರಿಮ್ಮಿನ ನಡುವಿನ ಹಳ್ಳಕ್ಕೆ ತುಳಿದು ಇಳಿಸಿದರೆ ಎದುರು ಕಡೆ ಸಲೀಸಾಗಿ ಹತ್ತುತ್ತದೆ. ಸೋಪಿನ ನೀರು ಹಚ್ಚಿ. ಉದ್ದದ ಲಿವರ್ ಹಾಕಿ ಜಗ್ಗುವ ಸ್ಥಿತಿ ಬಂತು ಅಂದರೆ ಬೀಡ್ ಹಳ್ಳದಲ್ಲಿ ಇಲ್ಲ ಅಂತ ಅರ್ಥ.

ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ ರಿಮ್ಮು, ಉಂಗುರ ಸಿಕ್ಕಿಸಿದ ಲಾರಿ ರಿಮ್ಮುಗಳಿಗೆ ಮಾತ್ರ ನೀವಾಗಿ ಕೈಹಾಕಬೇಡಿ. ಹಳೇ ಮಿಲಿಟರಿ ಜೀಪುಗಳಲ್ಲಿ ಇಂಥ ರಿಮ್ಮು ಸಿಗುತ್ತದೆ. ಒಳಗೆ ಗಾಳಿ ಇರುವಾಗ ಆ ಬೋಲ್ಟು ಸಡಿಲಿಸಿದರೆ ರಿಮ್ಮಿನ ಹೋಳು ಗುಂಡಿನಂತೆ ಹಾರುತ್ತದೆ. ಜನ ಸತ್ತಿದ್ದಾರೆ. ಬೋಲ್ಟ್ ಮುಟ್ಟುವ ಮುಂಚೆ ವಾಲ್ವಿನ ಪಿನ್ನನ್ನೇ ತೆಗೆದು ಗಾಳಿ ಪೂರ್ತಿ ಖಾಲಿ ಮಾಡಬೇಕು, ಮತ್ತೆ ಗಾಳಿ ತುಂಬುವಾಗ ಕಬ್ಬಿಣದ ಪಂಜರದೊಳಗೆ ಇಟ್ಟು ತುಂಬಬೇಕು.

ಹೊಸ ಟೈರ್ ಹಾಕಿದ್ಮೇಲೆ 60ರ ವೇಗಕ್ಕೆ ಸ್ಟೀರಿಂಗ್ ನಡುಗುತ್ತೆ. ಟೈರ್ ಕೆಟ್ಟದ್ದಾ?

ಇರಬಹುದು, ಆದರೆ ಮೊದಲು ಅದನ್ನೇ ಬೈಯಬೇಡಿ. ಹಳೇ ಟೈರಿನ ಕಮ್ಮಿ ಹಿಡಿತ ಮುಚ್ಚಿಟ್ಟಿದ್ದ ಸವೆತವನ್ನು ಹೊಸ ಟೈರು ಹೊರಗೆ ತೋರಿಸುತ್ತದೆ. ಮುಂದಿನ ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಗೂಟ) ಇಲ್ಲವೇ ಬೇರಿಂಗ್ ನೋಡಿ. ಎಡಕ್ಕೆ ಬಲಕ್ಕೆ ಆಡಿದರೆ ಸ್ಟೀರಿಂಗ್ ಕೀಲು. ಆಮೇಲೆ ಚಕ್ರ ತಿರುಗಿಸಿ, ರಿಮ್ಮಿನ ಪಕ್ಕಕ್ಕೆ ಒಂದು ಪೆನ್ಸಿಲ್ ಹಿಡಿದು ನೋಡಿ, ವಾಂಕು ಕಣ್ಣಿಗೇ ಕಾಣುತ್ತದೆ. ಕಡ್ಡಿಗಳನ್ನು ಒಂದೊಂದಾಗಿ ಮೀಟಿ. ಬಿಗಿ ಕಡ್ಡಿ ಟಿಂಗ್ ಅನ್ನುತ್ತದೆ, ಸಡಿಲ ಕಡ್ಡಿ ಮಂಕಾಗಿ ಸದ್ದು ಮಾಡುತ್ತದೆ. ಇಷ್ಟಾದ ಮೇಲೆ ಬ್ಯಾಲೆನ್ಸಿಂಗ್. ಕ್ರಾಸ್‌ಪ್ಲೈನಿಂದ ರೇಡಿಯಲ್‌ಗೆ ಬದಲಾಯಿಸಿದ್ದರೆ ಮುಂದಿನ ಚಕ್ರಗಳ ಒಳಮುಖದ ಓರೆಯನ್ನೂ ಮತ್ತೆ ಹೊಂದಿಸಬೇಕಾಗಬಹುದು.

ಬಿಳಿ ಪಟ್ಟಿಯ ಟೈರ್ ನನ್ನ ಕಾರಿಗೆ ಒಪ್ಪುತ್ತಾ?

ಆ ಮಾದರಿಗೆ ಆಗಲೂ ಕೊಡುತ್ತಿದ್ದರಾ ಅಂತ ಹಳೇ ಜಾಹೀರಾತು, ಕಂಪನಿಯ ಫೋಟೋಗಳಲ್ಲಿ ಹುಡುಕಿ. ಮೊದಮೊದಲ ಟೈರುಗಳು ತಾವಾಗಿಯೇ ಬೆಳ್ಳಗಿದ್ದವು. ರಬ್ಬರಿಗೆ ಜಿಂಕ್ ಆಕ್ಸೈಡ್ ಬೆರೆಸುತ್ತಿದ್ದರು. ಗಟ್ಟಿತನಕ್ಕಾಗಿ ಇಂಗಾಲದ ಕಪ್ಪು ಬೆರೆಸತೊಡಗಿದ ಮೇಲೆ ಕಪ್ಪಾದವು. ಬಣ್ಣ ಬಳಿದು ಮಾಡಿದ ಪಟ್ಟಿ ಬಿರುಕು ಬಿಡುತ್ತದೆ. ಪಕ್ಕೆಯಲ್ಲೇ ಬಿಳಿ ರಬ್ಬರ್ ಸೇರಿಸಿದ್ದನ್ನು ತಗೊಳ್ಳಿ.

ವರ್ಷದಲ್ಲಿ ನಾಲ್ಕೈದು ತಿಂಗಳು ಕಾರು ನಿಂತೇ ಇರುತ್ತೆ. ಟೈರ್ ಹೇಗೆ ಕಾಪಾಡೋದು?

ಆಕ್ಸಲಿನ ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿಬಿಡಿ. ಚಾಸಿಸ್ಸಿಗೆ ಕೊಟ್ಟರೆ ಸ್ಪ್ರಿಂಗ್ ಸುಮ್ನೆ ಜೋತಾಡುತ್ತದೆ. ಎತ್ತಲು ಆಗದಿದ್ದರೆ ಗಾಳಿ ಸ್ವಲ್ಪ ಜಾಸ್ತಿ ಹಾಕಿ, ಎರಡು ವಾರಕ್ಕೊಮ್ಮೆ ಒಂದಡಿ ಮುಂದಕ್ಕೋ ಹಿಂದಕ್ಕೋ ತಳ್ಳಿ. ಇಲ್ಲದಿದ್ದರೆ ನೆಲ ಮುಟ್ಟುವ ಜಾಗ ಚಪ್ಪಟೆಯಾಗಿ ಉಳಿದುಬಿಡುತ್ತದೆ. ಬಿಸಿಲು ಬೀಳದಿರಲಿ. ವೆಲ್ಡಿಂಗ್ ಯಂತ್ರ, ಕಿಡಿ ಹಾರುವ ಮೋಟಾರುಗಳಿಂದ ಓಝೋನ್ ಬರುತ್ತದೆ, ಅದು ರಬ್ಬರಿಗೆ ವಿಷ. ಅವುಗಳಿಂದ ದೂರ ಇಡಿ. ಹೊಳಪಿನ ಎಣ್ಣೆ ಬೇಡ, ಸೋಪು ನೀರು ಸಾಕು.

ನಾಲ್ಕು ಟೈರ್ ಸಾಕಾ, ಐದು ತಗೊಳ್ಳಲಾ?

ಐದು ತಗೊಳ್ಳಿ, ಐದೂ ಒಂದೇ ಕಂತಿನಲ್ಲಿ. ಆಮೇಲೆ ಬೇಕೆಂದಾಗ ಒಂದೇ ಒಂದು ಟೈರ್ ಸಿಗುವುದು ಕಷ್ಟ. ನಾವೆಲ್ಲ ಐದನೇ ಚಕ್ರಕ್ಕೆ ಸ್ಟೆಪ್ನಿ ಅನ್ನುತ್ತೇವಲ್ಲ, ಆ ಪದ ಬಂದಿದ್ದು ವೇಲ್ಸ್‌ನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಡೇವಿಸ್ ಸಹೋದರರು ಅಲ್ಲಿ ಗಾಳಿ ತುಂಬಿದ ಟೈರಿನ, ಕಡ್ಡಿಯೇ ಇಲ್ಲದ ಒಂದು ಚಕ್ರ ಮಾಡಿದರು. ಪಂಕ್ಚರ್ ಆದ ಚಕ್ರವನ್ನು ಬಿಚ್ಚದೆ ಅದಕ್ಕೇ ಇದನ್ನು ಬಿಗಿದು ಮುಂದೆ ಸಾಗುವುದು. ಅಲ್ಲಿಯವರೆಗೆ ರಸ್ತೆ ಪಕ್ಕದಲ್ಲೇ ಕೂತು ಟೈರ್ ಕಳಚಿ ತೇಪೆ ಹಾಕಬೇಕಿತ್ತು.

ಹಳೇ ಕಾರುಗಳಲ್ಲಿ ಸ್ಟೆಪ್ನಿ ಎಷ್ಟೋ ಸಲ ಮಡ್‌ಗಾರ್ಡಿನ ಗುಂಡಿಯಲ್ಲಿ ಕೂರುತ್ತದೆ. ಸೈಜ್ ಸ್ವಲ್ಪ ದಪ್ಪವಾದರೂ ಅಲ್ಲಿ ಹಿಡಿಯುವುದಿಲ್ಲ. ಟೈರ್ ತರಿಸುವ ಮುಂಚೆ ಆ ಗುಂಡಿಯನ್ನೂ ಅಳೆದುಕೊಳ್ಳಿ.